ಪಾವಕ್ಕಿ ಬೇಯಿಸಿಟ್ಟವರ ಲೆಕ್ಕ

"ಹೆಂಗಸರ ಆಟ ಯಾರು ನೋಡ್ತಾರೆ?" ಎಂದು ಕೇಳುವವರು ಉತ್ತರಕ್ಕೆ ಕಾಯುವುದಿಲ್ಲ. ಅಮೆರಿಕದಲ್ಲಿ ಮಹಿಳೆಯರ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ 1997ರಲ್ಲಿ ಆಟ ಶುರುಮಾಡಿದಂದಿನಿಂದ ಈ ಮಾತು ಅದರ ಬೆನ್ನು ಬಿಟ್ಟಿಲ್ಲ. ಇಂಡಿಯಾನಾ ಫೀವರ್ ತಂಡದ 2024ರ ಕಥೆ ತಿಳಿದ ಮೇಲೂ ಯಾರಾದರೂ ಹಾಗೆಂದರೆ ನನಗೆ ಸಿಟ್ಟು ಬರುತ್ತದೆ.

ಈ ತಂಡ 2022ರಲ್ಲಿ ಆಡಿದ 36 ಪಂದ್ಯಗಳಲ್ಲಿ ಗೆದ್ದದ್ದು ಬರೀ 5. 2016ರ ನಂತರ ಪ್ಲೇಆಫ್ ಮುಖ ಕಂಡಿರಲಿಲ್ಲ. 2024ರಲ್ಲಿ ಕಾಲೇಜಿನಿಂದ ನೇರ ಕೈಟ್ಲಿನ್ ಕ್ಲಾರ್ಕ್ ಬಂದಳು. ಮೊದಲ ಒಂಬತ್ತು ಪಂದ್ಯಗಳಲ್ಲಿ ಎಂಟು ಸೋಲು! ಆಮೇಲೆ ಚೇತರಿಸಿಕೊಂಡು, 40ರಲ್ಲಿ 20 ಗೆದ್ದು ಪ್ಲೇಆಫ್ ಸೇರಿದರು. ಮೊದಲ ಸುತ್ತಿನಲ್ಲೇ ಸೋತರು, ಅದಿರಲಿ.

ನಾನು ಹೇಳಹೊರಟಿದ್ದು ಜನರ ವಿಷಯ. ವಾಷಿಂಗ್ಟನ್ನಿನ ಮಿಸ್ಟಿಕ್ಸ್ ತಂಡ ಆಗ ಆಡುತ್ತಿದ್ದ ಕ್ರೀಡಾಂಗಣದಲ್ಲಿ 4,200 ಸೀಟುಗಳು. ಫೀವರ್ ಬರುತ್ತದೆಂದು ಸೆಪ್ಟೆಂಬರ್ 19ರ ಪಂದ್ಯವನ್ನು ಗಂಡಸರ ತಂಡದ ದೊಡ್ಡ ಕ್ರೀಡಾಂಗಣಕ್ಕೆ ಒಯ್ದರು. ಬಂದವರು 20,711 ಮಂದಿ! ಫೈನಲ್ಸ್, ಪ್ಲೇಆಫ್ ಬಿಟ್ಟರೆ ಲೀಗಿನ ಸಾಮಾನ್ಯ ಹಂತದ ಒಂದು ಪಂದ್ಯಕ್ಕೆ ಅಷ್ಟು ಜನ ಹಿಂದೆಂದೂ ಸೇರಿರಲಿಲ್ಲ. ಪಾವಕ್ಕಿ ಬೇಯಿಸಿಟ್ಟು, ಉಂಡವರು ನಾಲ್ಕೇ ಜನ ಎಂದು ಲೆಕ್ಕ ತೋರಿಸುತ್ತಿದ್ದರಲ್ಲ, ಅವರು ಈಗ ಏನೆನ್ನುತ್ತಾರೆ?

ಅವರು ಹೊಸ ರಾಗ ತೆಗೆದರು: "ಎಲ್ಲ ಆ ಒಬ್ಬ ಹುಡುಗಿಯಿಂದ." ಕ್ಲಾರ್ಕಳ ಹೆಚ್ಚುಗಾರಿಕೆ ಯಾವುದರಲ್ಲಿ ನೋಡಿ. ಬುಟ್ಟಿಗೆ ಹಾಕುವವಳ ಕೈಗೆ ಸರಿಯಾದ ಗಳಿಗೆಯಲ್ಲಿ ಚೆಂಡು ಒದಗಿಸುವುದರಲ್ಲಿ. ಆ ವರ್ಷ ಅಂಥವು 337, ಒಂದೇ ಪಂದ್ಯದಲ್ಲಿ 19. ಎರಡೂ ಆಗ ಲೀಗಿನ ದಾಖಲೆಯಾಗಿದ್ದವು. ಆ ಕಡೆ ಹಿಡಿದು ಹಾಕಲು ಅಲಿಯಾ ಬೋಸ್ಟನ್, ಕೆಲ್ಸಿ ಮಿಚೆಲ್ ಇಲ್ಲದಿದ್ದರೆ ದಾಖಲೆ ಎಲ್ಲಿಂದ ಬರಬೇಕು? ಮಿಚೆಲ್ 2018ರಿಂದ ಅದೇ ತಂಡದಲ್ಲಿದ್ದವಳು. ಆರು ವರ್ಷ ಒಂದೂ ಪ್ಲೇಆಫ್ ಇಲ್ಲದೆ ಆಡಿದಳು. ಅವಳನ್ನು ಯಾರು ನೆನೆಯುತ್ತಾರೆ?

ಇನ್ನು ದುಡ್ಡಿನ ಮಾತು. ಆ ವರ್ಷ ಕ್ಲಾರ್ಕಳ ಸಂಬಳ 76,535 ಡಾಲರ್. ಗಂಡಸರ ಲೀಗಿಗೆ ಅದೇ ವರ್ಷ ಮೊದಲನೆಯವನಾಗಿ ಆಯ್ಕೆಯಾದ ಹುಡುಗನಿಗೆ ಒಂದು ಕೋಟಿ ಡಾಲರಿಗೂ ಮೇಲೆ. ಗಂಡಸರ ಲೀಗಿನ ಆದಾಯ ಬಹಳ ದೊಡ್ಡದು, ಒಪ್ಪಿದೆ. ಆದರೆ ಬಂದ ಆದಾಯದಲ್ಲಿ ಹೆಚ್ಚುಕಡಿಮೆ ಅರ್ಧ ಅಲ್ಲಿನ ಆಟಗಾರರಿಗೆ ಹೋಗುತ್ತದೆ. ಹೆಂಗಸರಿಗೆ ಆಗ ಸಿಗುತ್ತಿದ್ದ ಪಾಲು ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ. "ಅವಳಿಗೆ ಜಾಹೀರಾತಿನಿಂದ ಬೇಕಾದಷ್ಟು ಬರುತ್ತದಲ್ಲ" ಎನ್ನುವವರೂ ಇದ್ದಾರೆ. ತವರಿನವರು ಸೀರೆ ಕೊಡಿಸುತ್ತಾರೆಂದು ಮನೆಯವರು ಖರ್ಚಿಗೆ ಕೊಡದಿದ್ದರೆ ನಾವು ಸುಮ್ಮನಿರುತ್ತೇವೆಯೆ?

ಪ್ರಯಾಣದಲ್ಲೂ ಇದೇ ಜಿಪುಣತನ. 2018ರಲ್ಲಿ ಲಾಸ್ ವೇಗಸ್ ತಂಡದ ಹುಡುಗಿಯರು ವಿಮಾನಗಳು ತಡವಾಗಿ 25 ಗಂಟೆಗೂ ಹೆಚ್ಚು ದಾರಿಯಲ್ಲೇ ಕಳೆದು, ಈ ಸ್ಥಿತಿಯಲ್ಲಿ ಆಡೆವು ಎಂದರು. ಲೀಗು ಅವರ ಲೆಕ್ಕಕ್ಕೆ ಒಂದು ಸೋಲು ಬರೆಯಿತು. ಎಲ್ಲ ತಂಡಗಳಿಗೂ ಪ್ರತ್ಯೇಕ ವಿಮಾನ ಸಿಕ್ಕಿದ್ದು 2024ರಲ್ಲಿ.

ಮರುವರ್ಷ ಜುಲೈನಲ್ಲಿ ಆಲ್-ಸ್ಟಾರ್ ಪಂದ್ಯ ನಡೆದದ್ದು ಫೀವರ್ ತಂಡದ ಊರಾದ ಇಂಡಿಯಾನಾಪೊಲಿಸ್‌ನಲ್ಲೇ. ಆಟಗಾರ್ತಿಯರು ನಮಗೆ ಸಲ್ಲಬೇಕಾದ್ದು ಸಲ್ಲಿಸಿ ಎಂದು ಅಂಗಿಯ ಮೇಲೆ ಬರೆಸಿಕೊಂಡು ಅಂಗಳಕ್ಕೆ ಇಳಿದರು. ಕೊನೆಗೆ ಲೀಗಿನ ಕಮಿಷನರ್ ಟ್ರೋಫಿ ಕೊಡಲು ಬಂದಾಗ ನೋಡುವವರೇ ಇಲ್ಲದ ಆಟದ ಆ ಪ್ರೇಕ್ಷಕರು ಒಂದೇ ಸಮನೆ ಕೂಗುತ್ತಿದ್ದರು, ಅವರಿಗೆ ದುಡ್ಡು ಕೊಡಿ ಎಂದು.