ಫೋಟೋದಲ್ಲಿ ಕಾಣದ ಬಾಡಿಗೆ

ಲಂಡನ್ನಿಗೆ ಓದಲು ಹೋದವರ ಮೊದಲ ವಾರದ ಸ್ಟೇಟಸ್ ನೋಡಿದ್ದೀರಲ್ಲ? ಟವರ್ ಬ್ರಿಡ್ಜ್, ಕೆಂಪು ಬಸ್ಸು, ಕೈಯಲ್ಲೊಂದು ಕಾಫಿ. ಇದನ್ನು ನೋಡಿಯೇ ಮುಂದಿನ ಬ್ಯಾಚ್‌ನವರು ಊರಿನ ಸೈಟು ಅಡ ಇಟ್ಟು ಲೋನ್ ತಗೊಳ್ತಾರೆ.

ಫೋಟೋದಲ್ಲಿ ಇಲ್ಲದ್ದನ್ನು ಕೇಳಿ. ಮನೆ ಬೇಕಂದ್ರೆ ಬಹಳಷ್ಟು ಕಡೆ ಬ್ರಿಟನ್ನಿನಲ್ಲೇ ಇರುವ ಜಾಮೀನುದಾರ ಬೇಕು. ಬಂದು ಮೂರು ದಿನವಾದವರಿಗೆ ಜಾಮೀನು ನಿಲ್ಲೋರು ಯಾರು? ಬ್ಯಾಂಕ್ ಖಾತೆಗೆ ಹೋದರೆ ವಿಳಾಸ ಎಲ್ಲಿ ಅಂತಾರೆ. ಈ ಗಾಬರಿಯಲ್ಲೇ ಕಣ್ಣಲ್ಲಿ ನೋಡದ ರೂಮಿಗೆ ದುಡ್ಡು ಕಳಿಸಿ ಮೋಸ ಹೋಗೋದು. ಇಂಗ್ಲೆಂಡಿನ 2019ರ ಕಾನೂನಿನಂತೆ ಡಿಪಾಸಿಟ್ ಸಾಮಾನ್ಯವಾಗಿ ಐದು ವಾರದ ಬಾಡಿಗೆ ಮೀರುವಂತಿಲ್ಲ. ಇದನ್ನು ಹೇಳಿ ಕಳಿಸಿದವರು ಯಾರು?

ಕನ್ಸಲ್ಟೆನ್ಸಿಯವರಾ? ಅವರಲ್ಲಿ ಅನೇಕರಿಗೆ ಸೀಟು ತುಂಬಿಸಿದ್ದಕ್ಕೆ ಯೂನಿವರ್ಸಿಟಿಯಿಂದಲೇ ಕಮಿಷನ್. 'ಪಾರ್ಟ್‌ಟೈಮ್ ಮಾಡಿ ತೂಗಿಸ್ಕೊಳ್ಳಿ' ಅಂತಾರೆ. ಡಿಗ್ರಿ ವಿದ್ಯಾರ್ಥಿಗಳು ತರಗತಿ ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯಲು ವೀಸಾ ಬಿಡಲ್ಲ. ಅಷ್ಟರಲ್ಲಿ ಲಂಡನ್ ಬಾಡಿಗೆ, ಫೀಸು, ಊರಿನ ಇಎಂಐ ಮೂರೂ ನಡೆಯೋ ಮಾತಲ್ಲ. ವೀಸಾ ಜೊತೆಗೇ ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ಕಟ್ಟಿರ್ತೀರಿ. ಹತ್ತಿರದ ಡಾಕ್ಟರ್ ಬಳಿ ಹೆಸರು ನೋಂದಾಯಿಸಬೇಕು ಅಂತ ಗೊತ್ತಾಗೋದು ಜ್ವರ ಬಂದಮೇಲೆ.

ಕಮಿಷನ್ ತಿನ್ನೋರು ಸುಮ್ಮನಿರೋದು ಅರ್ಥವಾಗುತ್ತೆ. ಹೋಗಿಬಂದ ಅಣ್ಣ-ಅಕ್ಕಂದಿರೇ, ನೀವ್ಯಾಕೆ ಸುಮ್ಮನಿದ್ದೀರಿ? ಅಪ್ಪ-ಅಮ್ಮನಿಗೆ ಬೇಜಾರಾಗಬಾರದು ಅಂತ ವಿಡಿಯೋ ಕಾಲಲ್ಲಿ ನಕ್ಕಿದ್ದು ಸರಿ. ಜೂನಿಯರ್ ಕೇಳಿದಾಗಲೂ 'ಸೂಪರ್ ಮಗಾ, ಬಾ' ಅಂದರೆ ಅವನನ್ನು ಹಳ್ಳಕ್ಕೆ ತಳ್ಳಿದಂತೆ. ಹೋಗುವವರು ಹೋಗಲಿ, ಲೆಕ್ಕ ಗೊತ್ತಿದ್ದು ಹೋಗಲಿ. ಮುಂದಿನ ಸಲ ಬ್ರಿಡ್ಜ್ ಫೋಟೋ ಜೊತೆ ಬಾಡಿಗೆ ಕರಾರನ್ನೂ ತೋರಿಸಿ.