ಕೋಸಿನ ಮೇಲೇಕೆ ಕೇಸು?

ಈ ವಾರ ನಮ್ಮ ಮನೆಯಲ್ಲಿ ಎಲೆಕೋಸಿಗೆ ಬಹಿಷ್ಕಾರ. ಕಾರಣ ನಿಮ್ಮ ಫೋನಿಗೂ ಬಂದಿರುತ್ತದೆ: ಹೆಚ್ಚಿದ ಕೋಸಿನೊಳಗಿಂದ ದಾರದಂಥದ್ದೇನನ್ನೋ ಎಳೆಯುವ ವಿಡಿಯೊ, ‘ಇದು ಬೇಯಿಸಿದರೂ ಸಾಯಲ್ಲ, ನೇರ ಮಿದುಳಿಗೇ ಹೋಗುತ್ತೆ’ ಎಂಬ ಗಾಬರಿಯ ದನಿ. ಪಿತೃಪಕ್ಷದ ಹಾಗೆ ವರ್ಷಕ್ಕೊಮ್ಮೆ ಬಂದು ಹೋಗುವ ಸರಕು. ಈ ಸಲ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿನವರು ಅದಕ್ಕೆ ಸಾಲುಸಾಲಾಗಿ ಕೈಮುಗಿದರು. ಗಾಡಿಯವನು ತಂದ ಕೋಸನ್ನು ಹಾಗೇ ವಾಪಸ್ ತಳ್ಳಿಕೊಂಡು ಹೋದ. ಕೋಸಿನ ಪಲ್ಯ ನನಗೆ ಇಷ್ಟ. ಸಿಟ್ಟಿಗೆ ಅದೂ ಒಂದು ಕಾರಣ, ಮುಚ್ಚಿಡುವುದಿಲ್ಲ.

ಕೋಸಿನಲ್ಲಿ ಕಾಣುವ ಹಸಿರು ಹುಳು ಪತಂಗದ್ದೋ ಚಿಟ್ಟೆಯದೋ ಮರಿ. ಪಾಪದ್ದು. ಮಿದುಳಿಗೆ ಹೋಗುವುದು ಹಂದಿಯ ಲಾಡಿಹುಳುವಿನ ಸಂತಾನ. ಗುಳ್ಳೆಗಳಿರುವ ಹಂದಿಮಾಂಸವನ್ನು ಅರೆಬೇಯಿಸಿ ತಿಂದವರ ಕರುಳಿನಲ್ಲಿ ಈ ಹುಳು 2ರಿಂದ 7 ಮೀಟರ್ ಉದ್ದ ಬೆಳೆಯುತ್ತದೆ. ಹೊತ್ತವರಿಗೆ ಎಷ್ಟೋ ಸಲ ಸುಳಿವೇ ಇರುವುದಿಲ್ಲ. ಅವರ ಮಲದಲ್ಲಿ ಸಾವಿರಗಟ್ಟಲೆ ಮೊಟ್ಟೆ. ಅದನ್ನು ಹಂದಿ ತಿಂದರೆ ಹಂದಿಯ ಮೈಯಲ್ಲಿ ಗುಳ್ಳೆ. ಕೊಳೆಗೈಯಿಂದಲೋ ನೀರಿನಿಂದಲೋ ನಮ್ಮ ಬಾಯಿಗೆ ಬಿದ್ದರೆ ನಮ್ಮ ಮಾಂಸಖಂಡದಲ್ಲಿ, ಕಣ್ಣಿನಲ್ಲಿ, ಮಿದುಳಿನಲ್ಲಿ ಗುಳ್ಳೆ. ಆ ಮೊಟ್ಟೆಯ ಲೆಕ್ಕದಲ್ಲಿ ನಾವೂ ಹಂದಿಯೂ ಒಂದೇ.

ಅಂದರೆ ಮಾಂಸ ತಿಂದವನಿಗೆ ಹೊಟ್ಟೆಯಲ್ಲಿ ಹುಳು, ಮಲ ತಿಂದವನಿಗೆ ಮಿದುಳಲ್ಲಿ ಗುಳ್ಳೆ. ಮುಖ ಸಿಂಡರಿಸಿದವರು ಇದನ್ನು ಇನ್ನೊಮ್ಮೆ ಓದಿ. ‘ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯನ್ನೂ ಮುಟ್ಟಲ್ಲ’ ಎಂದು ಗುಂಪಿನಲ್ಲೊಬ್ಬರು ಬರೆದರು. ಸ್ವಾಮಿ, ಈ ಮೊಟ್ಟೆ ಕಣ್ಣಿಗೆ ಕಾಣುವುದಿಲ್ಲ. ಕೊಡಗಿನ ನನ್ನ ಗೆಳೆಯನ ಮನೆಯ ಪಂದಿಕರಿ ಕಾಚಂಪುಳಿ ಹಾಕಿಸಿಕೊಂಡು ಗಂಟೆಗಟ್ಟಲೆ ಕುದ್ದಿರುತ್ತದೆ, ಅದರಲ್ಲಿ ಯಾವ ಗುಳ್ಳೆಯೂ ಬದುಕದು. ನಮ್ಮ ಕೋಸಂಬರಿಗೆ ಆ ಭಾಗ್ಯವಿಲ್ಲ. ಕೊಳಚೆ ನೀರು ಕುಡಿದು ಬೆಳೆದ ಯಾವ ಸೊಪ್ಪಿಗೂ ಮೊಟ್ಟೆ ಅಂಟಿರಬಹುದು. ಚೆನ್ನಾಗಿ ತೊಳೆದು ಬೇಯಿಸಿದರೆ ಕೋಸಿನ ಮೇಲಿನ ಕೇಸು ವಜಾ.

ಚಿಕ್ಕಂದಿನಲ್ಲಿ ನಮ್ಮ ತರಗತಿಯ ಹುಡುಗನೊಬ್ಬ ಪ್ರಾರ್ಥನೆಯ ಹೊತ್ತಿಗೆ ಬಿದ್ದು ಒದ್ದಾಡುತ್ತಿದ್ದ. ಮೇಷ್ಟ್ರು ಓಡಿಬಂದು ಶಾಲೆಯ ಕಬ್ಬಿಣದ ಬೀಗದ ಕೈಯನ್ನು ಅವನ ಮುಷ್ಟಿಗೆ ತುರುಕುತ್ತಿದ್ದರು. ಮನೆಯವರು ತಾಯಿತ ಕಟ್ಟಿಸಿದರು. ಅವನ ಮಿದುಳಲ್ಲಿ ಏನಿತ್ತೋ, ಸ್ಕ್ಯಾನ್ ಇಲ್ಲದ ಕಾಲ. ಲಾಡಿಹುಳುವಿನ ಹಾವಳಿಯಿರುವ ಪ್ರದೇಶಗಳಲ್ಲಿ ಮೂರ್ಛೆರೋಗದ ನೂರಕ್ಕೆ 30 ಪ್ರಕರಣಗಳಿಗೆ ಈ ಗುಳ್ಳೆಯೇ ಕಾರಣ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ವರ್ಷಗಟ್ಟಲೆ ಸುಮ್ಮನಿದ್ದು ಒಂದು ದಿನ ಫಿಟ್ಸ್ ಬರಿಸುತ್ತದೆ, ಮೊನ್ನೆಯ ಪಲ್ಯವನ್ನು ದೂರುವ ಹಾಗಿಲ್ಲ. ಹಾಗೆಂದು ಫಿಟ್ಸ್ ಬಂದವರು ತಾವೇ ಜಂತುಹುಳುವಿನ ಮಾತ್ರೆ ನುಂಗಿಬಿಡಬಾರದು. ಗುಳ್ಳೆ ಸಾಯುವಾಗ ಸುತ್ತಲಿನ ಮಿದುಳು ಊದಿಕೊಳ್ಳುತ್ತದೆ. ಅದು ವೈದ್ಯರ ಕಣ್ಣೆದುರು ಆಗಬೇಕಾದ ಕೆಲಸ.

ಇಷ್ಟನ್ನೂ ಗುಂಪಿನಲ್ಲಿ ಬರೆದೆ. ಜೊತೆಗೊಂದು ತಪ್ಪು ಮಾಡಿದೆ, ನ್ಯೂಯಾರ್ಕಿನ ಕತೆಯನ್ನೂ ಹೇಳಿದೆ. ಹಂದಿಯನ್ನು ಧರ್ಮವೇ ನಿಷೇಧಿಸಿದ ಸಂಪ್ರದಾಯಸ್ಥ ಯಹೂದಿ ಕುಟುಂಬಗಳ ನಾಲ್ವರ ಮಿದುಳಲ್ಲಿ ಈ ಗುಳ್ಳೆ ಸಿಕ್ಕಿದ್ದು 1992ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಲ್ಯಾಟಿನ್ ಅಮೆರಿಕದಿಂದ ಬಂದ ಮನೆಗೆಲಸದವರ ಮೂಲಕ ಸೋಂಕು ತಗುಲಿರಬೇಕು ಎಂದು ವೈದ್ಯರು ಅಂದಾಜು ಮಾಡಿದ್ದರು. ನಮ್ಮವರಿಗೆ ಅಷ್ಟೇ ಸಾಕಾಯಿತು. ಕೆಲಸದವರೆಲ್ಲ ಮಲಪರೀಕ್ಷೆಯ ರಿಪೋರ್ಟ್ ತಂದರೆ ಮಾತ್ರ ಗೇಟ್ ಪಾಸ್ ಎಂದು ಸೆಕ್ರೆಟರಿ ಮಹಾಶಯರ ಸೂಚನೆ. ಪಂದಿಕರಿಯನ್ನು ಹೋಟೆಲಿನಲ್ಲಿ ಗುಟ್ಟಾಗಿ ತಿಂದು ಬರುವ ಮಾಲೀಕರಿಗೆ ಪರೀಕ್ಷೆಯಿಲ್ಲ.

ನನ್ನ ಸೋಪಿನ ಹುಚ್ಚು ಈ ಅಂಕಣದ ಹಳೆಯ ಓದುಗರಿಗೆ ಗೊತ್ತು. ದರ್ಶಿನಿಯ ಸಿಂಕಿನಲ್ಲಿ ನೀರು ಬೆರೆಸಿ ಬೆರೆಸಿ ಬಣ್ಣವಷ್ಟೇ ಉಳಿದ ಆ ಗುಲಾಬಿ ದ್ರವದ ಬಗ್ಗೆ ಮೂರು ಸಲ ಬರೆದಿದ್ದೇನೆ, ನಾಲ್ಕನೆಯದೂ ಬರೆಯುತ್ತೇನೆ. ಆದರೆ ನಮ್ಮ ಅಡುಗೆಯ ಅಕ್ಕ ಬೆಳಿಗ್ಗೆ ಆರರಿಂದ ಮಧ್ಯಾಹ್ನದವರೆಗೆ ಐದು ಮನೆ ಬೇಯಿಸುತ್ತಾರೆ. ‘ಬಾತ್‌ರೂಮು ಅಲ್ಲಿದೆ, ಸೋಪು ಇಲ್ಲಿದೆ’ ಎಂದು ಐದರಲ್ಲಿ ಒಂದು ಮನೆಯವರೂ ಹೇಳಿರಲಿಲ್ಲ. ಐದರಲ್ಲಿ ಒಂದು ನಮ್ಮದು. ಅದು ನನಗೆ ಹೊಳೆದದ್ದು ಈ ವಾರ.

ನೆಲಮಾಳಿಗೆಯಲ್ಲಿ ಕೆಲಸದವರಿಗೆಂದು ಬಿಲ್ಡರ್ ಕಟ್ಟಿಸಿದ ಶೌಚಾಲಯವಿದೆಯಲ್ಲ ಎಂದು ಇಳಿದು ನೋಡಿದರೆ, ಬೀಗ. ಸೆಕ್ರೆಟರಿಯವರನ್ನು ಕೇಳಿದೆ.

“ಗಲೀಜು ಮಾಡ್ತಾರೆ ಸರ್. ಸೋಪು ಇಟ್ರೆ ಎತ್ಕೊಂಡು ಹೋಗ್ತಾರೆ.”

“ಕೀ?”

“ನನ್ನ ಹತ್ರಾನೇ ಇದೆ, ಸೇಫಾಗಿದೆ” ಎಂದು ಜೇಬು ತಟ್ಟಿಕೊಂಡರು.

ಜೋಪಾನವಾಗಿಟ್ಟುಕೊಳ್ಳಿ, ಫಿಟ್ಸ್ ಬಂದಾಗ ಮುಷ್ಟಿಯಲ್ಲಿ ಹಿಡಿದುಕೊಳ್ಳೋದಕ್ಕಾದರೂ ಬೇಕಾಗುತ್ತೆ ಅಂದು ಲಿಫ್ಟ್ ಹತ್ತಿದೆ.