ಮೃತಪ್ರಾಣಿಗಳ ಸಾಕ್ಷ್ಯ

ವಿಶ್ವವಿದ್ಯಾನಿಲಯಗಳ ಪ್ರಾಣಿಸಂಗ್ರಹಗಳ ವಿಷಯದಲ್ಲಿ ಒಂದು ಹೊಸ ವೈರಾಗ್ಯವು ವಿದ್ಯಾವಂತರಲ್ಲಿ ದಿನೇ ದಿನೇ ಬೆಳೆಯುತ್ತಲಿರುವುದು. ತೊಗಲು ತುಂಬಿ ನಿಲ್ಲಿಸಿದ ಕರಡಿ, ಮದ್ಯಸಾರದ ಸೀಸೆಯಲ್ಲಿ ಬಣ್ಣಗೆಟ್ಟ ಹಾವು, ತಂತಿಯಿಂದ ತೂಗುಹಾಕಿದ ತಿಮಿಂಗಿಲದ ಎಲುಬು, ಇವೆಲ್ಲವೂ ಹೆಣಗಳ ಜಾತ್ರೆಯೇ ಹೊರತು ವಿದ್ಯೆಯಲ್ಲವೆಂದು ಕೆಲವರು ಹೇಳುವರು. ಹಿಂದಿನವರ ಕ್ರೌರ್ಯವನ್ನು ಗಾಜಿನ ಕಪಾಟಿನಲ್ಲಿಟ್ಟು ಮೆರೆಸುವುದು ಲಜ್ಜೆಗೇಡಿತನವೆಂದು ಬೇರೆ ಕೆಲವರು ಆಕ್ಷೇಪಿಸುವರು. ಚಲನಚಿತ್ರವೂ ಕಂಪ್ಯೂಟರಿನ ತೆರೆಯೂ ಇರುವಾಗ ಇವುಗಳಿಂದ ಪ್ರಯೋಜನವೇನೆಂಬುದು ಮತ್ತೆ ಕೆಲವರ ಪ್ರಶ್ನೆ. ಈ ಕಪಾಟುಗಳು ಹಿಡಿದಿರುವ ಜಾಗದಲ್ಲಿ ಎಷ್ಟು ತರಗತಿಗಳನ್ನು ನಡೆಸಬಹುದೆಂದು ಲೆಕ್ಕ ಹಾಕುವ ಅಧಿಕಾರಿಗಳು ನಾಲ್ಕನೆಯವರು. ನಾಲ್ವರ ದಾರಿಗಳು ಬೇರೆ ಬೇರೆಯಾದರೂ ಸೇರುವ ಊರು ಒಂದೇ: ಇವನ್ನು ತೆಗೆದುಹಾಕಿರಿ ಎಂಬುದು. ಈ ಮತವು ದಯೆಯ ಉಡುಪನ್ನು ತೊಟ್ಟು ಬಂದಿರುವುದರಿಂದಲೇ ಅದನ್ನು ಪರೀಕ್ಷಿಸದೆ ಒಳಕ್ಕೆ ಬಿಡುವುದು ಉಚಿತವಲ್ಲ.

ಪರೀಕ್ಷೆಗೆ ದೂರದ ತರ್ಕವು ಬೇಕಿಲ್ಲ; ಒಂದು ಹಕ್ಕಿಯ ತಲೆಯು ಸಾಕು. ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಪ್ರಕೃತಿಶಾಸ್ತ್ರದ ವಸ್ತುಸಂಗ್ರಹಾಲಯವು ೧೮೬೦ರಲ್ಲಿ ತೆರೆಯಿತು. ಗಾಜಿನ ಮಾಡು, ಕಬ್ಬಿಣದ ಕಂಬಗಳುಳ್ಳ ಆ ಭವನದಲ್ಲಿಯೇ, ಅದೇ ವರ್ಷದ ಜೂನ್ ೩೦ರಂದು, ಡಾರ್ವಿನ್ನನ ಸಿದ್ಧಾಂತವನ್ನು ಕುರಿತು ಹಕ್ಸ್ಲಿಗೂ ಬಿಷಪ್ ವಿಲ್ಬರ್‌ಫೋರ್ಸನಿಗೂ ಪ್ರಸಿದ್ಧವಾದ ವಾಗ್ವಾದವು ನಡೆಯಿತು. ಈ ಸಂಗ್ರಹಾಲಯದ ಐಶ್ವರ್ಯಗಳಲ್ಲೆಲ್ಲ ಮೊದಲನೆಯದು ಡೋಡೋ ಎಂಬ ಹಕ್ಕಿಯ ಒಣಗಿದ ತಲೆ ಮತ್ತು ಒಂದು ಕಾಲಿನ ಅವಶೇಷ. ಮಾರಿಷಸ್ ದ್ವೀಪದ ಈ ಹಾರಲಾರದ ಹಕ್ಕಿಯು, ೧೫೯೮ರಲ್ಲಿ ಡಚ್ ನಾವಿಕರು ಅಲ್ಲಿ ಇಳಿದ ಮೇಲೆ, ನೂರು ವರ್ಷ ತುಂಬುವುದರೊಳಗೆ ನಿರ್ವಂಶವಾಯಿತು. ಮನುಷ್ಯನು ಕೊಂದುದು ಸ್ವಲ್ಪ. ಅವನೊಡನೆ ಹಡಗಿನಿಂದಿಳಿದ ಹಂದಿ, ಇಲಿ, ಕೋತಿಗಳು ನೆಲದ ಮೇಲಿನ ಗೂಡುಗಳನ್ನು ಹಾಳುಮಾಡಿದುದು ಬಹಳ. ಡೋಡೋವಿನ ಎಲುಬುಗಳು ಬೇರೆ ಕಡೆಗಳಲ್ಲಿಯೂ ಉಂಟು. ಆದರೆ ಚರ್ಮ ಮಾಂಸಗಳ ಅಂಶವು ಉಳಿದಿರುವುದು ಇಡೀ ಪ್ರಪಂಚದಲ್ಲಿ ಆಕ್ಸ್‌ಫರ್ಡಿನ ಈ ಅವಶೇಷದಲ್ಲಿ ಮಾತ್ರ.

ತಲೆಯೂ ಕಾಲೂ ಮಾತ್ರ ಏಕೆ ಉಳಿದವು? ಇದಕ್ಕೆ ಉತ್ತರವು ‘ತೆಗೆದುಹಾಕಿರಿ’ ಎನ್ನುವವರು ಕಿವಿಗೊಟ್ಟು ಕೇಳತಕ್ಕದ್ದಾಗಿರುವುದು. ಲಂಡನ್ನಿನ ಬಳಿ ಟ್ರೆಡೆಸ್ಕೆಂಟ್ ತಂದೆ ಮಕ್ಕಳು ಕೂಡಿಸಿದ್ದ ವಿಚಿತ್ರವಸ್ತುಗಳ ಸಂಗ್ರಹದಲ್ಲಿ ಈ ಹಕ್ಕಿಯು ಇಡಿಯಾಗಿಯೇ ಇದ್ದಿತು. ೧೬೫೬ರಲ್ಲಿ ಅಚ್ಚಾದ ಅವರ ಪಟ್ಟಿಯಲ್ಲಿ ಅದರ ಹೆಸರು ಕಾಣುವುದು. ಆ ಸಂಗ್ರಹವು ಆಶ್ಮೋಲನ ಕೈಸೇರಿ, ಅವನಿಂದ ವಿಶ್ವವಿದ್ಯಾನಿಲಯಕ್ಕೆ ಬಂದು, ೧೬೮೩ರಲ್ಲಿ ಜನರ ನೋಟಕ್ಕೆ ತೆರೆಯಿತು. ಮುಂದೆ ಹುಳು ಹಿಡಿದು ಹಕ್ಕಿಯು ಕೆಡುತ್ತ ಬಂದಿತು. ೧೭೫೫ರ ಸುಮಾರಿನಲ್ಲಿ ಮೇಲ್ವಿಚಾರಕರ ತಪಾಸಣೆಯಾಗಿ, ಕೆಟ್ಟುಹೋದ ವಸ್ತುಗಳನ್ನು ತೆಗೆಯಿಸಿದರು. ಡೋಡೋವಿನ ಶರೀರವೂ ಅವುಗಳೊಡನೆ ಹೋಯಿತು. ಅದನ್ನು ಬೆಂಕಿಗೆ ಹಾಕಿದರೆಂದೂ, ಯಾರೋ ಪುಣ್ಯಾತ್ಮನು ಉರಿಯೊಳಗಿಂದ ತಲೆಯನ್ನೆಳೆದು ಉಳಿಸಿದನೆಂದೂ ಒಂದು ಕಥೆಯುಂಟು. ಈಗಿನ ವಿದ್ವಾಂಸರು ಬೆಂಕಿಯ ಕಥೆಯನ್ನು ನಂಬುವುದಿಲ್ಲ. ಕೊಳೆತುದನ್ನು ಬಿಟ್ಟು ಉಳಿಯಬಲ್ಲದನ್ನು ಎತ್ತಿಟ್ಟರೆನ್ನುವರು. ಹೇಗಾದರಾಗಲಿ, ಮೊದಲೇ ಜೋಪಾನಮಾಡಿದ್ದರೆ ಇಡಿಯಾಗಿ ಇರಬಹುದಾಗಿದ್ದ ಹಕ್ಕಿಯು ಹಿಡಿಯಷ್ಟಾಯಿತು. ಆ ಮೇಲ್ವಿಚಾರಕರು ಮೂರ್ಖರಾಗಿರಲಿಲ್ಲ, ದುಷ್ಟರೂ ಆಗಿರಲಿಲ್ಲ. ತಮ್ಮ ಕೈಯಲ್ಲಿದ್ದುದು ಇನ್ನೊಂದಿಲ್ಲದ ವಸ್ತುವೆಂದು ಅವರಿಗೆ ಗೊತ್ತಿರಲಿಲ್ಲ, ಅಷ್ಟೆ. ಇಂದು ಕಪಾಟನ್ನು ಬರಿದುಮಾಡಿರೆನ್ನುವವರಿಗೆ ಮಾತ್ರ ಅದು ಗೊತ್ತಿರುವುದೇನು?

ಇನ್ನು ಆ ಹಿಡಿಯಷ್ಟು ಅವಶೇಷವು ಏನನ್ನು ಹೇಳಿತೆಂಬುದನ್ನು ನೋಡಬೇಕು. ಡೋಡೋ ಯಾವ ಕುಲದ್ದೆಂಬ ವಿಷಯದಲ್ಲಿ ಹಿಂದೆ ಒಮ್ಮತವಿರಲಿಲ್ಲ. ಉಷ್ಟ್ರಪಕ್ಷಿಯ ಬಂಧುವೆಂದು ಒಬ್ಬರು, ಹದ್ದಿನ ಬಂಧುವೆಂದು ಇನ್ನೊಬ್ಬರು. ಸ್ಟ್ರಿಕ್ಲೆಂಡ್ ಮತ್ತು ಮೆಲ್ವಿಲ್ ಎಂಬ ಪಂಡಿತರು ಈ ತಲೆಯನ್ನೂ ಕಾಲನ್ನೂ ಪರೀಕ್ಷಿಸಿ, ೧೮೪೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಇದು ಪಾರಿವಾಳದ ಜಾತಿಗೆ ಸೇರಿದುದೆಂದು ಸ್ಥಾಪಿಸಿದರು. ೨೦೦೨ರಲ್ಲಿ ಇದೇ ಅವಶೇಷದಿಂದ ತೆಗೆದ ಡಿ.ಎನ್.ಎ. ದ್ರವ್ಯದ ಪರೀಕ್ಷೆಯಿಂದ, ಬದುಕಿರುವ ಹಕ್ಕಿಗಳಲ್ಲಿ ಡೋಡೋವಿಗೆ ಅತ್ಯಂತ ಸಮೀಪದ ಬಂಧುವು ನಿಕೋಬಾರ್ ಪಾರಿವಾಳವೆಂದು ತಿಳಿದುಬಂದಿತು. ಭಾರತದ ದ್ವೀಪವೊಂದರ ಹೆಸರನ್ನು ಹೊತ್ತ, ಇಂದಿಗೂ ಆ ದ್ವೀಪಗಳ ಕಾಡಿನಲ್ಲಿರುವ ಹಕ್ಕಿಗೂ, ಸತ್ತು ಮುನ್ನೂರು ವರ್ಷ ಮೀರಿದ ಹಕ್ಕಿಗೂ ಇರುವ ನೆಂಟತನವನ್ನು ತಿಳಿಸಿದುದು ಬೇಡವೆಂದು ಬಿಟ್ಟ ದೇಹದ ಒಂದು ತುಂಡು. ೨೦೧೮ರಲ್ಲಿ ಕ್ಷಕಿರಣಗಳ ಸೂಕ್ಷ್ಮಯಂತ್ರದಿಂದ ತಲೆಯನ್ನು ಪರೀಕ್ಷಿಸಿದಾಗ ಹಿಂದಲೆಯಲ್ಲಿಯೂ ಕೊರಳಲ್ಲಿಯೂ ಸೀಸದ ಚರೆಗಳು ಕಂಡುವು. ಲಂಡನ್ನಿನಲ್ಲಿ ಹಣ ಪಡೆದು ತೋರಿಸುತ್ತಿದ್ದ ಒಂದು ಜೀವಂತ ಡೋಡೋವೇ ಸತ್ತ ಮೇಲೆ ಈ ಸಂಗ್ರಹಕ್ಕೆ ಬಂದಿರಬೇಕೆಂದು ಅದುವರೆಗೆ ಅನೇಕರು ಊಹಿಸಿದ್ದರು. ಈ ಹಕ್ಕಿಯನ್ನು ಹಿಂದಿನಿಂದ ಗುಂಡಿಟ್ಟು ಹೊಡೆದಿದ್ದರೆಂಬ ಸತ್ಯವು ಸುಮಾರು ಮೂರೂವರೆ ಶತಮಾನಗಳ ತರುವಾಯ ಹೊರಬಿದ್ದಿತು. ಕೊಲೆಯ ಸಾಕ್ಷಿಯು ಕೊಲೆಯಾದವನ ದೇಹದಲ್ಲಿಯೇ ಇದ್ದಿತು; ನ್ಯಾಯಾಸ್ಥಾನವು ಕೂಡುವವರೆಗೆ ದೇಹವನ್ನು ಕಾಯ್ದಿಟ್ಟಿದ್ದರಿಂದ ಅದು ನುಡಿಯಿತು.

ಚಿತ್ರವಿದ್ದರೆ ಸಾಕೆಂಬ ವಾದಕ್ಕೆ ಇಲ್ಲಿಯೇ ಸಮಾಧಾನವು ದೊರೆಯುವುದು. ಅದೇ ಸಂಗ್ರಹಾಲಯದಲ್ಲಿ ಯಾನ್ ಸೇವರಿ ಎಂಬ ಚಿತ್ರಕಾರನು ೧೬೫೧ರಲ್ಲಿ ಬರೆದ ಡೋಡೋವಿನ ವರ್ಣಚಿತ್ರವೂ ಉಂಟು. ಚಿತ್ರವು ಸೊಗಸಾದುದೇ. ಜನರು ಡೋಡೋ ಎಂದೊಡನೆ ನೆನೆಯುವ ಡೊಳ್ಳುಹೊಟ್ಟೆಯ ಪೆದ್ದುಹಕ್ಕಿಯು ಇಂಥ ಚಿತ್ರಗಳಿಂದಲೇ ಬಂದುದು. ಹಕ್ಕಿಯು ನಿಜವಾಗಿ ಅಷ್ಟು ಸ್ಥೂಲವಾಗಿರಲಿಲ್ಲವೆಂದು ಎಲುಬುಗಳನ್ನು ಅಳೆದ ಶಾಸ್ತ್ರಜ್ಞರು ಹೇಳುವರು. ಚಿತ್ರವು ಬರೆದವನಿಗೆ ತಿಳಿದಷ್ಟನ್ನು ಮಾತ್ರ ಹೇಳಬಲ್ಲುದು. ಇಟ್ಟವರಿಗೆ ತಿಳಿಯದುದನ್ನೂ ಹೇಳಬಲ್ಲುದು ದೇಹ. ಡಿ.ಎನ್.ಎ. ಎಂಬುದರ ಕನಸೂ ಇಲ್ಲದ ಕಾಲದವರು ಇಟ್ಟುದರಲ್ಲಿ ಅದು ಸಿಕ್ಕಿತು. ಇಂದಿನ ತೆರೆಯ ಮೇಲಿನ ಬಿಂಬದಲ್ಲಿ ನಾಳಿನವನು ಹುಡುಕುವುದೇನು?

ಇದು ಒಂದು ಹಕ್ಕಿಯ ಅದೃಷ್ಟವೆಂದು ಯಾರೂ ತಳ್ಳಿಹಾಕದಿರಲಿ. ಅಮೆರಿಕದ ಬರ್ಕ್ಲಿಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಕಶೇರುಕಪ್ರಾಣಿಗಳ ಸಂಗ್ರಹಾಲಯವು ೧೯೦೮ರಲ್ಲಿ ಸ್ಥಾಪಿತವಾಯಿತು. ಅದರ ಮೊದಲನೆಯ ನಿರ್ದೇಶಕನಾದ ಗ್ರಿನೆಲ್ಲನು, ತನ್ನ ಸಂಗ್ರಹದ ನಿಜವಾದ ಬೆಲೆಯು ತಿಳಿಯಬೇಕಾದರೆ ಬಹುಶಃ ಒಂದು ಶತಮಾನವೇ ಕಳೆಯಬೇಕೆಂದು ೧೯೧೦ರಲ್ಲಿಯೇ ಬರೆದಿದ್ದನು. ಅವನ ಮಾತು ವರ್ಷದ ಲೆಕ್ಕಕ್ಕೂ ತಪ್ಪಲಿಲ್ಲ. ಅವನ ಚೀಟಿಗಳನ್ನೂ ದಿನಚರಿಗಳನ್ನೂ ಹಿಡಿದು ಅವೇ ಬೆಟ್ಟಗಳನ್ನು ಮತ್ತೆ ಹತ್ತಿದ ಶಾಸ್ತ್ರಜ್ಞರು, ಯೊಸೆಮಿಟಿ ಪ್ರದೇಶದ ೨೮ ಜಾತಿಯ ಚಿಕ್ಕ ಪ್ರಾಣಿಗಳಲ್ಲಿ ಅರ್ಧದಷ್ಟು, ಸರಾಸರಿ ಸುಮಾರು ೫೦೦ ಮೀಟರು ಮೇಲಕ್ಕೆ ಸರಿದಿರುವುವೆಂದು ೨೦೦೮ರಲ್ಲಿ ಪ್ರಕಟಿಸಿದರು. ಭೂಮಿಯ ಕಾವು ಏರುತ್ತಿರುವುದಕ್ಕೆ ಇಲಿ ಅಳಿಲುಗಳು ಹೇಳಿದ ಸಾಕ್ಷ್ಯವಿದು. ಮಿಷಿಗನ್ ವಿಶ್ವವಿದ್ಯಾನಿಲಯದ ಸಂಗ್ರಹವೇ ಮೊದಲಾದವುಗಳಲ್ಲಿದ್ದ ೧,೩೦೦ಕ್ಕೂ ಹೆಚ್ಚು ಹಕ್ಕಿಗಳ ಎದೆಯ ಗರಿಗಳಿಗೆ ಅಂಟಿದ ಹೊಗೆಮಸಿಯನ್ನು ಅಳೆದು, ೧೩೫ ವರ್ಷಗಳ ಕಲ್ಲಿದ್ದಲ ಹೊಗೆಯ ಇತಿಹಾಸವನ್ನು ೨೦೧೭ರಲ್ಲಿ ಇಬ್ಬರು ಯುವಕರು ಬರೆದರು. ಆ ಹಕ್ಕಿಗಳನ್ನು ಪೆಟ್ಟಿಗೆಯಲ್ಲಿಟ್ಟವರು ಹೊಗೆಯನ್ನು ಕುರಿತು ಯೋಚಿಸಿಯೇ ಇರಲಿಲ್ಲ.

ಇನ್ನು ಕ್ರೌರ್ಯದ ಆಕ್ಷೇಪಣೆ. ಇದರಲ್ಲಿ ಸತ್ಯಾಂಶವಿರುವುದೆಂಬುದನ್ನು ಮುಚ್ಚುವುದು ಪ್ರಾಮಾಣಿಕತನವಾಗಲಾರದು. ಗ್ರೇಟ್ ಆಕ್ ಎಂಬ ಹಾರಲಾರದ ಕಡಲಹಕ್ಕಿಯ ಕೊನೆಯ ಜೋಡಿಯನ್ನು ೧೮೪೪ರಲ್ಲಿ ಐಸ್ಲೆಂಡಿನ ಹತ್ತಿರದ ಎಲ್ಡೆ ಎಂಬ ಬಂಡೆಯ ಮೇಲೆ ಕೊಂದುದು ಸಂಗ್ರಾಹಕರ ಹಣದಾಸೆಗಾಗಿಯೇ. ಆ ಎರಡು ಹಕ್ಕಿಗಳ ಒಳಾಂಗಗಳು ಇಂದು ಕೋಪನ್‌ಹೇಗನ್ ವಿಶ್ವವಿದ್ಯಾನಿಲಯಕ್ಕೆ ಸೇರಿದ ಸಂಗ್ರಹಾಲಯದ ಸೀಸೆಗಳಲ್ಲಿರುವುವು. ಜಾತಿಯೊಂದು ಅಳಿಯುತ್ತಿದೆಯೆಂದು ತಿಳಿದ ಮೇಲೆ ಅದನ್ನು ರಕ್ಷಿಸುವುದಕ್ಕೆ ಬದಲಾಗಿ ತನ್ನ ಕಪಾಟಿಗೊಂದು ಬೇಕೆಂದು ಹಾತೊರೆದ ವಿದ್ಯೆಯು ವಿದ್ಯೆಯಲ್ಲ, ಲೋಭ. ಇಷ್ಟನ್ನು ಒಪ್ಪಿದ ಮೇಲೂ ಒಂದು ಪ್ರಶ್ನೆಯು ಉಳಿಯುವುದು: ಆ ಸೀಸೆಗಳನ್ನು ಇಂದು ಚೆಲ್ಲಿಬಿಟ್ಟರೆ ಯಾವ ಹಕ್ಕಿಯು ಬದುಕಿಬರುವುದು? ಕೊಂದವನು ಹೋದನು, ಸತ್ತುದಕ್ಕೆ ಉಳಿದಿರುವ ಒಂದೇ ಗುರುತನ್ನೂ ಅಳಿಸಿದರೆ ಲಾಭವು ಕೊಂದವನಿಗೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಬೇಟೆಗಾರನ ಪಾಪಕ್ಕೆ ಸತ್ತ ಪ್ರಾಣಿಗೆ ಎರಡನೆಯ ಸಾರಿ ಮರಣದಂಡನೆ!

ಬೇಟೆಯ ಬಿರುದಿಗೂ ವಿದ್ಯೆಯ ಮಾದರಿಗೂ ಇರುವ ಭೇದವನ್ನು ಕನ್ನಡ ವಾಚಕರಿಗೆ ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರ ಕಾರ್ಖಾನೆಯು ಸುಮಾರು ಒಂದು ಶತಮಾನ ನಡೆದು ೧೯೯೯ರಲ್ಲಿ ನಿಂತಿತು. ಅಲ್ಲಿ ಹದವಾದ ಹುಲಿ ಚಿರತೆಗಳು ಸಾವಿರಗಟ್ಟಲೆ. ಕೆಲಸದ ನಯವು ಲೋಕಪ್ರಸಿದ್ಧ. ಆದರೆ ಅರಮನೆಯ ಗೋಡೆಯ ಮೇಲೆ ಬಾಯ್ದೆರೆದು ನಿಂತ ಹುಲಿಯು ಹೇಳುವುದು ಹೊಡೆದವನ ಪ್ರತಾಪವನ್ನು. ಸಂಗ್ರಹಾಲಯದ ಹುಲಿಯು ಹೇಳಬೇಕಾದುದು ಹುಲಿಯ ಸಮಾಚಾರವನ್ನು. ಈ ಎರಡನ್ನೂ ಬೇರ್ಪಡಿಸುವುದು ಅಂಗೈಯಗಲದ ಒಂದು ಚೀಟಿ: ಯಾವ ಊರು, ಯಾವ ದಿನ, ಯಾರ ಕೈ. ಚೀಟಿಯಿಲ್ಲದ ಮಾದರಿಯು ಬರಿಯ ತೊಗಲು.

ಕೊನೆಯದಾಗಿ ಜಾಗದ ಮತ್ತು ವೆಚ್ಚದ ಮಾತು. ೨೦೧೭ರಲ್ಲಿ ಅಮೆರಿಕದ ಲೂಯಿಸಿಯಾನಾ ಸಂಸ್ಥಾನದ ಮನ್ರೋ ನಗರದ ವಿಶ್ವವಿದ್ಯಾನಿಲಯವು, ಓಟದ ಮೈದಾನದ ವಿಸ್ತರಣಕ್ಕಾಗಿ, ೬೦ ಲಕ್ಷದಷ್ಟು ಮೀನಿನ ಮಾದರಿಗಳ ತನ್ನ ಸಂಗ್ರಹವನ್ನು ಬೇರೆಯವರು ಒಯ್ಯದಿದ್ದರೆ ನಾಶಮಾಡಬೇಕಾಗುವುದೆಂದು ಸಾರಿತು. ದಶಕಗಳ ದುಡಿಮೆಗೆ ಕೊಟ್ಟ ಗಡುವು ಕೆಲವೇ ತಿಂಗಳು! ಬ್ರೆಜಿಲಿನ ರಿಯೋ ನಗರದಲ್ಲಿ ಅಲ್ಲಿಯ ವಿಶ್ವವಿದ್ಯಾನಿಲಯದ ಆಡಳಿತಕ್ಕೆ ಸೇರಿದ ರಾಷ್ಟ್ರೀಯ ಸಂಗ್ರಹಾಲಯವು ೨೦೧೮ರ ಸೆಪ್ಟೆಂಬರ್ ೨ರ ರಾತ್ರಿ ಹೊತ್ತಿ ಉರಿಯಿತು. ಎರಡು ಕೋಟಿಯಷ್ಟು ವಸ್ತುಗಳಿದ್ದ ಆ ಮನೆಯಲ್ಲಿ ಕೀಟಗಳ ಸಂಗ್ರಹವೊಂದೇ ಸುಮಾರು ೫೦ ಲಕ್ಷ, ಅದು ಬೂದಿಯಾಯಿತು. ದುರಸ್ತಿಗೆ ಹಣವಿಲ್ಲವೆಂದು ವರ್ಷಗಳಿಂದ ಗೋಗರೆದವರ ಮಾತನ್ನು ಯಾರೂ ಕೇಳಿರಲಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆಗೆ ಇದಕ್ಕಿಂತ ದೊಡ್ಡ ನಿದರ್ಶನವು ಬೇಕೆ?

ಆದುದರಿಂದ ವಿಶ್ವವಿದ್ಯಾನಿಲಯಗಳಿಂದ ಕೇಳತಕ್ಕದ್ದು ಕಪಾಟುಗಳನ್ನು ಬರಿದುಮಾಡಿರೆಂದಲ್ಲ, ಬಾಯಿಬಿಡಿಸಿರೆಂದು. ಪ್ರತಿಯೊಂದು ಪ್ರಾಣಿಯ ಮುಂದೆಯೂ ಅದು ಎಲ್ಲಿಯದು, ಹೇಗೆ ಸತ್ತಿತು, ಯಾರು ತಂದರು ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆಯಿಸಲಿ. ಲಜ್ಜೆಗೆ ಕಾರಣವಿದ್ದಲ್ಲಿ ಲಜ್ಜೆಯನ್ನೂ ಬರೆಯಿಸಲಿ. ಬರಿಯ ನೋಟಕ್ಕಾಗಿ ಹೊಸದಾಗಿ ಒಂದು ಜೀವವನ್ನೂ ತೆಗೆಯದಿರಲಿ. ಮೃಗಾಲಯಗಳಲ್ಲಿ ಮುಪ್ಪಿನಿಂದ ಸತ್ತವು, ರಸ್ತೆಗಳಲ್ಲಿ ಬಂಡಿಗೆ ಸಿಕ್ಕಿ ಸತ್ತವು ಬೇಕಾದಷ್ಟು ದೊರೆಯುವುವು. ಕಾಯುವವನಿಗೆ ಸಂಬಳವನ್ನೂ ಮನೆಗೆ ಒಳ್ಳೆಯ ಮಾಡನ್ನೂ ಒದಗಿಸಲಿ. ಜೀವಂತ ಪ್ರಾಣಿಗಳ ಮೇಲಿನ ಪ್ರೀತಿಗೂ ಇದಕ್ಕೂ ವಿರೋಧವಿಲ್ಲ. ಆಕ್ಸ್‌ಫರ್ಡಿನ ಅದೇ ಭವನದ ಗೋಪುರದ ಗಾಳಿಕಿಂಡಿಗಳಲ್ಲಿ ಗೂಡುಕಟ್ಟುವ ಬಾನಾಡಿ ಹಕ್ಕಿಗಳನ್ನು ೧೯೪೮ರಿಂದಲೂ, ಒಂದಕ್ಕೂ ನೋವಾಗದಂತೆ, ಶಾಸ್ತ್ರಜ್ಞರು ಗಮನಿಸುತ್ತ ಬಂದಿರುವರು. ಮೇಲೆ ಜೀವಂತ ಹಕ್ಕಿಯ ಗೂಡು, ಕೆಳಗೆ ಅಳಿದ ಹಕ್ಕಿಯ ತಲೆ; ಒಂದನ್ನು ಪ್ರೀತಿಸುವುದಕ್ಕಾಗಿ ಇನ್ನೊಂದನ್ನು ಎಸೆಯಬೇಕೆಂದು ಅಲ್ಲಿ ಯಾರಿಗೂ ತೋರಲಿಲ್ಲ.

ಭಾರತದಲ್ಲಿ ಈ ಮಾತಿಗೆ ಇನ್ನೊಂದು ತುರ್ತು ಒದಗಿರುವುದು. ಪ್ರಾಣಿಶಾಸ್ತ್ರದ ಪಾಠಕ್ಕಾಗಿ ಪ್ರಾಣಿಗಳನ್ನು ಕೊಯ್ಯುವುದನ್ನು ನಿಲ್ಲಿಸತಕ್ಕದ್ದೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗವು ೨೦೧೪ರಲ್ಲಿ ವಿಧಿಸಿತು. ಅದು ಸ್ತುತ್ಯವಾದ ವಿಧಿ. ಆದರೆ ಅದರಿಂದ, ಕಾಲೇಜುಗಳ ಹಿಂದಿನ ಕೋಣೆಗಳಲ್ಲಿ ಧೂಳು ಹಿಡಿದಿರುವ ಹಳೆಯ ಸೀಸೆಗಳ, ಎಲುಬುಗೂಡುಗಳ ಬೆಲೆಯು ಇಳಿಯಲಿಲ್ಲ, ಏರಿತು. ಹೊಸದನ್ನು ಕೊಲ್ಲದಿರುವ ವ್ರತವನ್ನು ಹಿಡಿದವರಿಗೆ ಹಳೆಯದನ್ನು ಕಾಯುವುದೂ ವ್ರತದ ಭಾಗವೇ. ಮದ್ಯಸಾರವು ಆರಿಹೋದ ಒಂದೊಂದು ಸೀಸೆಯೂ, ಚೀಟಿ ಉದುರಿದ ಒಂದೊಂದು ಹಕ್ಕಿಯೂ ವ್ಯರ್ಥವಾದ ಒಂದೊಂದು ಮರಣ. ಜೀವವನ್ನು ತೆಗೆದುಕೊಂಡ ಮೇಲೆ ಅದರ ಮಾತನ್ನು ಕೇಳುವ ಋಣವು ವಿದ್ಯೆಗೆ ಅಂಟಿಕೊಂಡಿರುವುದು. ಕೇಳದೆ ಎಸೆಯುವುದು ಋಣವನ್ನು ತೀರಿಸಿದಂತಾಗದು.